ಕುಂಟಿ ಇನ್ನೂ ಬಂದಿಲ್ಲ

ದಿಗ್ಗೇವಾಡಿಯ ಹೊಳೆದಂಡೆಯಲ್ಲಿ ಕೋಳಿಗಳೇ ಇನ್ನೂ ಆಕಳಿಸುತ್ತಿರುವ ಹೊತ್ತು. ಮಾಳಸಿದ್ದ ಮಾತ್ರ ಪಂಪು ಹಿಡಿದು ಸೈಕಲ್ಲುಗಳ ನಡುವೆ ಓಡಾಡುತ್ತಿದ್ದಾನೆ. ಕುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಒಂದೊಂದರ ಟಾಯರು ಹಿಸುಕುತ್ತಾನೆ. "ಕೆಂದಿ ಹೊಟ್ಟಿ ತುಂಬೇತಿ. ಬೋಳಿ, ನೀ ಯಾಕ ಬೇ ಉಪಾಸ ಇದ್ದಿ?" ಎಂದು, ತಾನೇ ಇಟ್ಟ ಹೆಸರು ಹಿಡಿದು ಮಾತಾಡಿಸುತ್ತ ಗಾಳಿ ಹೊಡೆಯುತ್ತಾನೆ. ಅವನ ಮೀಸೆ ಎಷ್ಟು ಉದ್ದವೆಂದರೆ, ಬಗ್ಗಿದಾಗ ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಅವನೂ ಜೊತೆಗೇ ನಾಲ್ಕು ಸುತ್ತು ತಿರುಗಬೇಕು.

ಎದುರಿಗೆ, ಕೃಷ್ಣೆಯ ನಡುವೆ, ಬಂದರಗಡ್ಡಿ. ಒಂದು ಕಾಲಕ್ಕೆ ಸಾಂಗಲಿ ಕಡೆಯ ದೋಣಿಗಳು ಬೆಲ್ಲ, ಹತ್ತಿ ಹೇರಿಕೊಂಡು ಬಂದು ಈ ನಡುಗಡ್ಡೆಯಲ್ಲಿ ನಿಲ್ಲುತ್ತಿದ್ದವಂತೆ. ಹಗ್ಗ ಉಜ್ಜಿ ಉಜ್ಜಿ ಅಲ್ಲಿನ ಕಲ್ಲುಗಂಬಗಳಿಗೆ ಸೊಂಟ ಮೂಡಿದೆ. ಅಂಥ ಸೊಂಟ ಸುತ್ತಲಿನ ಐದು ತಾಲೂಕುಗಳ ಯಾವ ಸೊಸೆಗೂ ಇಲ್ಲ. ಶನಿವಾರ, ಭಾನುವಾರ ಬಂದರೆ ಸಾಂಗಲಿ, ಮಿರಜದ ಮಂದಿ ಇಲ್ಲಿ ಸೈಕಲ್ಲು ಬಾಡಿಗೆ ಹಿಡಿದು, ದೋಣಿಯಲ್ಲಿ ಸೈಕಲ್ಲಿನ ಸಮೇತ ದಾಟಿ, ಸುಂಕ ವಸೂಲಿಯ ಹಳೆಯ ಜಕಾತಿ ಕಟ್ಟೆಯವರೆಗೆ ಗಡ್ಡಿ ಸುತ್ತಿ, ಸಂಜೆ ಐದಕ್ಕೆ ಮರಳುತ್ತಾರೆ. ಆ ಸೈಕಲ್ಲುಗಳನ್ನು ಕಾಯುವುದು ಮಾಳಸಿದ್ದನ ಕೆಲಸ.

ಎಷ್ಟು ಸೈಕಲ್ಲು ಎಂದು ಅವನನ್ನು ಕೇಳಿದರೆ ಆಕಾಶ ನೋಡುತ್ತಾನೆ. ಅದನ್ನು ಟಿಕೀಟು ಹರಿಯುವ ಸುಹಾಸನೇ ಹೇಳಬೇಕು. ಇಪ್ಪತ್ನಾಲ್ಕು ಸೈಕಲ್ಲು, ನಲವತ್ತೆಂಟು ಟಾಯರು, ದೋಣಿಗೆ ಒಂದು ಸಲಕ್ಕೆ ಎಂಟರಂತೆ ಮೂರು ಸುತ್ತು, ಗಡ್ಡಿಯ ದಾರಿ ಐದು ಕಿಲೋಮೀಟರು.

"ಎಣಿಸಿದ್ರ ಹಿಂಡ ಒಡೀತೈತ್ರಿ," ಎನ್ನುತ್ತಾನೆ ಮಾಳಸಿದ್ದ. "ಕುರಿ ಕಾಯಾಂವ ಎಣಿಸಂಗಿಲ್ಲ, ನೋಡ್ತಾನ. ಯಾವದ ಇಲ್ಲ ಅಂತ ಕಣ್ಣಿಗೇ ಗೊತ್ತಾಕ್ಕೈತಿ."

ಹುಟ್ಟಿನಿಂದ ಕುರುಬ. ಅರವತ್ತು ವಯಸ್ಸಿನವರೆಗೆ ಕುರಿಯ ಬೆನ್ನು ಬಿಟ್ಟು ಬೇರೇನೂ ನೋಡಿದವನಲ್ಲ. ಹೆಂಡತಿ ಕೆಂಚವ್ವನ ಮುಖವನ್ನೂ ಮದುವೆಯಾಗಿ ಮೂರನೇ ವರ್ಷಕ್ಕೆ ನೋಡಿದ ಎಂದು ಊರು ನಗುತ್ತದೆ. ಆಮೇಲೆ ಮಹಾಪೂರ ಬಂತು. ಕುರಿ ಎಷ್ಟು ಹೋದವು?

"ಎಲ್ಲಾ," ಎನ್ನುತ್ತಾನೆ. ಅಷ್ಟೇ. ಅದನ್ನೂ ಅವನು ಎಣಿಸಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬಂದು ಮಂದಿಯನ್ನೆಲ್ಲ ಬೇಗ ಕರೆತಂದರು. ಸುಹಾಸ ಪುಸ್ತಕ ಮುಚ್ಚಿದ.

"ಇಪ್ಪತ್ನಾಕ ಹೋದ್ವು, ಇಪ್ಪತ್ನಾಕ ಬಂದ್ವು. ಮಾಮಾ, ದೋಣಿ ಕಟ್ಟೂಣು ನಡಿ."

"ಕುಂಟಿ ಎಲ್ಲಿ?"

"ಯಾವ ಕುಂಟಿ? ಲೆಕ್ಕ ಸರಿ ಐತಿ."

"ಲೆಕ್ಕಾ ಒಲಿಯಾಗ ಹಾಕ. ಪೆಡಲ್ ಸೊಟ್ಟ ಇರಾಕಿ, ಕುಂಟಿ, ಬಂದಿಲ್ಲ. ಮತ್ತ ಇದ ನಮ್ಮ ಹಿಂಡಿಂದಲ್ಲ."

ಅವನು ತೋರಿಸಿದ ಸೈಕಲ್ಲಿನ ಹಿಂದೆಯೇ ಕಮಲಾಬಾಯಿ ನಿಂತಿದ್ದರು. ಗಡ್ಡಿಯಲ್ಲಿ ಹೊಲ ಮಾಡುವವರು, ನೀರಿಗೆ ಹೆದರಿ ಕೊನೆಯ ದೋಣಿ ಹತ್ತಿ ಬಂದಿದ್ದರು.

"ನಂದ ಐತೋ ತಮ್ಮಾ," ಎಂದರು ಸುಹಾಸನಿಗೆ. "ಹಾಲಿನ ಕ್ಯಾನ್ ತೂಗಾಕತ್ತೈತಿ, ಕಾಣವಲ್ದೇನ? ಕಣ್ಣ ಪುಸ್ತಕದಾಗ ಇಟ್ಟೀ ಏನ?"

ಸುಹಾಸನ ಮುಖ ಸುಣ್ಣವಾಯಿತು. ಕುಂಟಿ ಗಡ್ಡಿಯಲ್ಲಿದೆ ಎಂದರೆ ಕುಂಟಿಯನ್ನು ಒಯ್ದವರೂ ಅಲ್ಲೇ. ದೋಣಿಯ ದುಂಡೇಶ ಕೆಂಪು ನೀರು ನೋಡಿ ಹಿಂದೆ ಮುಂದೆ ನೋಡಿದ. ಅಷ್ಟರಲ್ಲಿ ಮಾಳಸಿದ್ದ ದೋಣಿಯಲ್ಲಿ ಕೂತೇಬಿಟ್ಟಿದ್ದ. "ನಿನಗ ಅಂಜಿಕಿ ಆದ್ರ ಹುಟ್ಟ ನನ್ನ ಕೈಯಾಗ ಕೊಡಲೇ," ಎಂದ ಮೇಲೆ ದುಂಡೇಶನಿಗೆ ನಾಚಿಕೆ ಬಂತು. ಹತ್ತಿದ.

ಜಕಾತಿ ಕಟ್ಟೆಯ ಹತ್ತಿರ ದಾರಿಗೆ ಮೊಳಕಾಲುದ್ದ ನೀರು. ಕಟ್ಟೆಯ ಮೇಲೆ ಕುಂಟಿಯನ್ನು ಅಪ್ಪಿಕೊಂಡು ಒಬ್ಬ ಹುಡುಗಿ ಅಳುತ್ತಿದ್ದಳು. ಮಿರಜದ ಮೇಘಾ, ಕಾಲೇಜಿನವಳು. ಫೋಟೋ ತೆಗೆಯುತ್ತ ಜೊತೆಯವರಿಂದ ಹಿಂದೆ ಉಳಿದಿದ್ದಳು; ಬೇರೆ ಸುತ್ತಿನ ದೋಣಿ ಹತ್ತಿರಬೇಕು ಎಂದುಕೊಂಡು ಅವರು ದಾಟಿಬಿಟ್ಟಿದ್ದರು. ಚೈನು ಕಳಚಿತ್ತು, ಕಾಲು ಉಳುಕಿತ್ತು.

"ಎಲ್ಲಿ ಕುಂತೀ ಬೇ? ಜೀಂವಾ ತಗದಿ!" ಎಂದು ಮಾಳಸಿದ್ದ ಗದರಿದ.

"ಆಜೋಬಾ, ಅಜ್ಜಾ, ಕಾಲ ಉಳುಕೇತಿ. ನನಗ ಯಾಕ ಬೈತೀರಿ?"

"ನಿನಗಲ್ಲವ್ವಾ, ಇಕಿಗೆ," ಎಂದು ಸೈಕಲ್ಲಿನ ಸೀಟಿಗೆ ಒಂದು ಬಡಿದು, ಹುಡುಗಿಯನ್ನು ಬೆನ್ನಿಗೆ ಹಾಕಿಕೊಂಡ. ಕುಂಟಿಯನ್ನು ದುಂಡೇಶ ಹೊತ್ತ. ಮರುದಿನ ಬೆಳಿಗ್ಗೆ ನೋಡಿದರೆ ಕಟ್ಟೆಯೇ ಕಾಣಲಿಲ್ಲ.

ಆ ದಿನದ ಪುಸ್ತಕ ಇವತ್ತಿಗೂ ಸರಿಯೇ ಇದೆ. ಇಪ್ಪತ್ನಾಲ್ಕು ಹೋದವು, ಇಪ್ಪತ್ನಾಲ್ಕು ಬಂದವು. ತಿದ್ದುವುದಕ್ಕೆ ಏನೂ ಇಲ್ಲ. ಮಾಳಸಿದ್ದನ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಈಗ ಅವನ ಎಡಗಣ್ಣಿಗೆ ಪೊರೆ ಬಂದಿದೆ. ಸಂಜೆಯ ಬೆಳಕಿನಲ್ಲಿ ಕೆಂದಿ ಯಾವುದು, ಕಂದಿ ಯಾವುದು ಎಂದು ಕೈಯಿಂದ ಮುಟ್ಟಿ ತಿಳಿಯುತ್ತಾನೆ. ಏನು ಬೇಕು ನಿನಗೆ ಎಂದು ಕೇಳಿದರೆ ಮೀಸೆ ಒರೆಸಿಕೊಂಡು ಹೇಳುತ್ತಾನೆ: "ನನಗೇನ ಬ್ಯಾಡ್ರಿ. ಈ ಸುಹಾಸಗ ಎಲ್ಲಾರ ಹೆಸರ ಬಾಯಿಗೆ ಬಂದ್ರ ಸಾಕ. ಕಲಿಯಾಕತ್ತಾನ, ಪಾಪ."

ಸುಹಾಸ ಪುಸ್ತಕ ಬದಿಗಿಟ್ಟು ಸಾಲಿನ ಉದ್ದಕ್ಕೂ ನಡೆಯುತ್ತಿದ್ದಾನೆ. ಕೆಂದಿ, ಬೋಳಿ, ಕಳ್ಳಿ, ಕುಂಟಿ... ನಡುವೆ ತಡವರಿಸಿ ನಿಂತು, ಹಿಗ್ಗಿನಿಂದ ಕೂಗುತ್ತಾನೆ: "ಮಾಮಾ, ಇವತ್ತ ಹನ್ನೊಂದ ಹೆಸರ ಬಂದ್ವು!"

"ಲೇ," ಎಂದು ಪಂಪು ಎತ್ತುತ್ತಾನೆ ಮಾಳಸಿದ್ದ, "ಎಣಿಸಬ್ಯಾಡ!"