ಹಳೇ ಎಪಿಸೋಡಿನ ಮೇಡಂ

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆದ ಮೊದಲ ತಿಂಗಳು ನನಗೆ ಎಲ್ಲಕ್ಕಿಂತ ಹೆದರಿಕೆ ಊಟದ ಬೆಲ್ಲಿನದು. ಬೆಲ್ಲಾದ ಕೂಡಲೇ ನನ್ನ ಲೈನಿನ ಮೂವತ್ತು ಹೆಂಗಸರು ನೆಲದ ಮೇಲೆ ಡಬ್ಬಿ ಬಿಚ್ಚಿ ಕೂರುತ್ತಿದ್ದರು. ಓವರ್‌ಟೈಮ್ ಮಾಡಿ ಸೀರಿಯಲ್ ತಪ್ಪಿಹೋದವರಿಗೆ, ನೋಡಿದವಳೊಬ್ಬಳು ಕಥೆ ಹೇಳಬೇಕು. ಹೇಳುವವಳ ಡಬ್ಬಿಗೆ ಎಲ್ಲರ ಪಲ್ಯವೂ ಬೀಳುತ್ತಿತ್ತು. ಆರು ವರ್ಷ ಅವರ ನಡುವೆ ಕೂತು ಉಂಡಿದ್ದ ನಾನು ಈಗ ಕಂಬದ ಮರೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೆ.

ತಪ್ಪು ನನ್ನದೇ. ಆ ಸೀರಿಯಲ್ಲಿನ ನಾಯಕಿ ಗುಮಾಸ್ತೆಯಾಗಿ ಸೇರಿ ಮ್ಯಾನೇಜರ್ ಆಗಲು ಹಟ ತೊಟ್ಟವಳು. ನಗುವುದಿಲ್ಲ, ಹರಟುವುದಿಲ್ಲ, ತಪ್ಪು ಮಾಡಿದವರನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತಾಳೆ. ಅವಳೆಂದರೆ ನನಗೆ ಪ್ರಾಣ. ಬಡ್ತಿ ಸಿಕ್ಕ ಮೇಲೆ ಅವಳ ನಡಿಗೆ, ಪೆನ್ನು ತೋರಿಸಿ ಮಾತಾಡುವ ರೀತಿ ಎಲ್ಲ ನನಗೂ ಬಂದುಬಿಟ್ಟಿತು. ಕೆಲಸದ ಗಡಿಬಿಡಿಯಲ್ಲಿ ಸೀರಿಯಲ್ ನೋಡುವುದು ಮಾತ್ರ ನಿಂತಿತು. ನನಗೆ ಮಿಷನ್ ಕಲಿಸಿದ ರಾಯಚೂರು ಕಡೆಯ ಅಕ್ಕನನ್ನೇ ಒಂದು ಸೊಟ್ಟ ಹೊಲಿಗೆಗಾಗಿ ಮ್ಯಾನೇಜರ್ ಮುಂದೆ ನಿಲ್ಲಿಸಿದ್ದೆ.

ಒಂದು ದಿನ ಊಟಕ್ಕೆ ಸ್ವಲ್ಪ ಮುಂಚೆ, ಹೊಲಿದ ಶರ್ಟೊಂದನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ. ಮೈ ಒಂದು ನೀಲಿ, ಕಾಲರ್ ಇನ್ನೊಂದು ನೀಲಿ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಕಂಡು, ಚೀಟಿಯ ನಂಬರ್ ನೋಡದೆ, ಬೇರೆ ಬಟ್ಟೆ ಥಾನಿನಿಂದ ಕತ್ತರಿಸಿದ ಕಾಲರ್ ಕಟ್ಟು ಹಂಚಿದವಳು ನಾನೇ. ಮೂವತ್ತು ಶರ್ಟು ಮುಗಿದಿದ್ದವು. ಊಟದ ನಂತರ ಮ್ಯಾನೇಜರ್ ಬರುತ್ತಾರೆ. ಇಂಥ ತಪ್ಪಿಗೆ ಹಿಂದಿನ ಸೂಪರ್‌ವೈಸರ್‌ನನ್ನು ಮತ್ತೆ ಮಿಷನ್ನಿಗೇ ಕೂರಿಸಿದ್ದರು.

ಬೆಲ್ಲಾಯಿತು. ಶರ್ಟು ಹಿಡಿದು ಅವರ ಬಳಿ ಹೋಗಿ ನಿಂತೆ. ಕಥೆ ಹೇಳುತ್ತಿದ್ದವಳು ಆ ಅಕ್ಕನೇ.

"ಆಕಿ ಮೀಟಿಂಗ್‌ನ್ಯಾಗ ಲೆಕ್ಕಾ ಎಲ್ಲಾ ತಪ್ಪು ಹೇಳಿ, ಆಮ್ಯಾಲೆ ತನ್ನ ತಪ್ಪಿಗೆ ತಾನೇ ನಕ್ಕಾಳ ನೋಡ್ರಿ."

"ಅವಳು ನಗ್ತಾಳಾ?" ಎಂದುಬಿಟ್ಟೆ.

ಅಕ್ಕ ತಲೆ ಎತ್ತದೆ ಹೇಳಿದಳು: "ಆಕಿ ನಗಾಕತ್ತಿ ಭಾಳ ದಿನ ಆತ್ರೀ ಮೇಡಂ. ಗೆಳತ್ಯಾರೂ ಆಗ್ಯಾರ. ನೀವು ಇನ್ನೂ ಹಳೇ ಎಪಿಸೋಡಿನ್ಯಾಗ ಅದೀರಿ."

ಯಾರೋ ಕಿಸಕ್ಕೆಂದರು. ಬೆನ್ನ ಹಿಂದೆ ನನಗಿಟ್ಟ ಹೆಸರು 'ಹಳೇ ಎಪಿಸೋಡಿನ ಮೇಡಂ' ಎಂದು ಆಗ ತಿಳಿಯಿತು. ಸಿಟ್ಟು ಬಂತು, ಆದರೆ ಭಯ ಅದಕ್ಕಿಂತ ದೊಡ್ಡದಿತ್ತು.

"ಅಕ್ಕ, ಜಾತಕ ನೋಡ್ದೆ ಮದುವೆ ಮಾಡಿಸ್ಬಿಟ್ಟಿದೀನಿ. ಮೂವತ್ತು ಶರ್ಟಿಗೂ ಬೇರೆ ನೀಲಿ ಕಾಲರ್."

ಆ ಹಾಲಿನಲ್ಲಿ ಸೂಪರ್‌ವೈಸರ್ ಆಗಿ ನಾನಾಡಿದ ಮೊದಲ ತಮಾಷೆ. ಯಾರೂ ನಗಲಿಲ್ಲ. ಊಟದ ಹೊತ್ತಿನಲ್ಲಿ ಕೆಲಸ ಮಾಡಲ್ಲ ಎನ್ನುವ ಹಕ್ಕು ಅವರಿಗಿತ್ತು. ಅಕ್ಕ ಶರ್ಟು ಇಸಿದುಕೊಂಡು ಬೆಳಕಿಗೆ ಹಿಡಿದಳು. ಡಬ್ಬಿ ಮುಚ್ಚಿದಳು.

"ಡೈವೋರ್ಸ್ ಕೊಡಿಸೋಣ, ಏಳ್ರೇ."

ಮೂವತ್ತು ಜನ ತಲೆಗೊಂದು ಶರ್ಟಿನಂತೆ ಕಾಲರ್ ಹೊಲಿಗೆ ಬಿಚ್ಚತೊಡಗಿದರು. ಮ್ಯಾನೇಜರ್ ಬಂದಾಗ ಇನ್ನೂ ಆರು ಉಳಿದಿದ್ದವು.

"ಯಾರ್ದು ಮಿಸ್ಟೇಕ್?" ಎಂದರು.

ಅಕ್ಕನನ್ನು ನಿಲ್ಲಿಸಿದ್ದ ಜಾಗದಲ್ಲೇ ನಾನು ನಿಂತಿದ್ದೆ. "ನಂದೇ ಸಾರ್."

"ಸಂಜೆ ಆಫೀಸಿಗೆ ಬನ್ನಿ" ಎಂದು ಹೊರಟುಹೋದರು. ಅಲ್ಲಿ ಏನು ಕಾದಿದೆಯೋ ಗೊತ್ತಿರಲಿಲ್ಲ. ಅಕ್ಕ ತನ್ನ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.

"ನಿನ್ನಿ ಎಪಿಸೋಡಿಗೆ ಬಂದ್ರಿ ನೋಡ್ರೀ. ರೊಟ್ಟಿ ತಿನ್ರಿ."

ಅವರ ನಡುವೆ ಕೂತು ಮುರಿದು ತಿಂದೆ.