ಕಿಟಕಿಯ ಮೇಲಿನ ಕಪ್ಪು

ಅತ್ತೆಯ ಸೊಂಟದ ಎಲುಬು ಮುರಿದಾಗ ಅವರನ್ನು ನೋಡಿಕೊಳ್ಳಲು ಖಾನಾಪುರದ ಒಬ್ಬ ನರ್ಸ್ ಮೂರು ತಿಂಗಳು ದಿನವೂ ಅನಗೋಳದ ನಮ್ಮ ಮನೆಗೆ ಬರುತ್ತಿದ್ದಳು. ಹೇಲು ಉಚ್ಚೆ ಬಳಿಯುವ ಕೈ ಎಂದು ನನ್ನ ನಾದಿನಿ, ಗಂಡನ ಅಕ್ಕ, ಅವಳ ಚಹಾಕ್ಕೆ ಬೇರೆ ಕಪ್ಪು ಇಡಿಸಿದರು. ಹಿಡಿ ಮುರಿದ, ನೀಲಿ ಹೂವಿನ ಕಪ್ಪು. ಅದರ ಜಾಗ ಅಡುಗೆಮನೆಯ ಹೊರಗಿನ ಕಿಟಕಿ. ಬಳಿಯುತ್ತಿದ್ದದ್ದು ಯಾರದು? ನಾದಿನಿಯ ತಾಯಿಯದೇ. ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಐರ್ಲೆಂಡಿನ ಆಸ್ಪತ್ರೆಗೆ ಹೋಗಲು ಆ ಹುಡುಗಿ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಅದರ ಅಭ್ಯಾಸಕ್ಕೆಂದು, ನಾನು ಅವಳಿಗೆ ರೋಗಿಯಾಗುತ್ತಿದ್ದೆ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ನಾನು ನರಳಿದರೆ, "ವೈನಿ, ಇಷ್ಟ ಚಂದ ಯಾವ ಪೇಶಂಟೂ ನರಳೂದಿಲ್ಲರಿ" ಎಂದು ನಗುತ್ತಿದ್ದಳು.

ಹೋದ ತಿಂಗಳು ಅವಳಿಗೆ ಅಲ್ಲಿ ಕೆಲಸ ಖಾತ್ರಿಯಾಯಿತು. ಆ ಭಾನುವಾರವೇ ನಾದಿನಿ ಸಿಹಿ ಕುಂದಾದ ಡಬ್ಬಿ ಹಿಡಿದು, ತಮ್ಮ ಮಗನನ್ನೂ ನನ್ನನ್ನೂ ಕಾರಿಗೆ ಹತ್ತಿಸಿ ಖಾನಾಪುರಕ್ಕೆ ಹೊರಟರು. ಅವಳನ್ನು ಸೊಸೆ ಮಾಡಿಕೊಂಡರೆ ಗಂಡನೆಂದು ಮಗನಿಗೂ ವೀಸಾ ಸಿಗುತ್ತದಂತೆ. "ಆಕಿ ನಿನ್ನ ಮಾತ ಕೇಳ್ತಾಳ. ನೀ ಒಂದ ಮಾತ ಹಾಕು, ಸಾಕು" ಎಂದರು ನನಗೆ.

ಅವಳ ತಾಯಿ ಹೊಸ ಕಪ್ಪುಬಸಿಗಳಲ್ಲಿ ಚಹಾ ತಂದಿಟ್ಟರು. ನನ್ನ ಬಸಿಯ ತಳದಲ್ಲಿ ಬೆಲೆಯ ಚೀಟಿ ಇನ್ನೂ ಅಂಟಿತ್ತು. ನಾದಿನಿ ಸುರ್ರೆಂದು ಕುಡಿದರು. "ನರ್ಸ್ ಕೆಲಸ ಅಂದ್ರ ದೇವರ ಸೇವಾ ಇದ್ದಂಗ ನೋಡ್ರಿ" ಎನ್ನುತ್ತ ಹುಡುಗಿಯ ಕೈ ಹಿಡಿದು ಸವರಿದರು. ಅದೇ ಕೈ. ಮಗ ಮೊಬೈಲಿನಿಂದ ತಲೆ ಎತ್ತಿ, "ಅಲ್ಲೆ ಭಾಳ ಥಂಡಿ ಐತಿ ಮಮ್ಮಿ" ಎಂದ.

ತಾಯಿಯ ಮುಖದಲ್ಲಿ ಆಸೆ ಮೂಡುತ್ತಿತ್ತು. ದೊಡ್ಡ ಮನೆತನ ತಾನಾಗಿಯೇ ಬಾಗಿಲಿಗೆ ಬಂದಿತ್ತಲ್ಲ! ನಾದಿನಿ ಮೊಣಕೈಯಿಂದ ನನ್ನನ್ನು ತಿವಿದರು. "ಹೇಳು ನೀನೂ."

ಹುಡುಗಿ ಕೈ ಬಿಡಿಸಿಕೊಂಡು ನನ್ನತ್ತ ತಿರುಗಿದಳು. "ವೈನಿ, ನನ್ನ ಕಪ್ಪು ಕಿಡಕ್ಯಾಗ ಇನ್ನಾ ಐತೇನ್ರಿ?"

ಇತ್ತು. ಅವಳು ಬಿಟ್ಟುಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಐತಿ" ಎಂದೆ.

ತಾಯಿಗೆ ತಿಳಿಯಲಿಲ್ಲ. ಹುಡುಗಿ ಮರಾಠಿಯಲ್ಲಿ ಆ ಕಪ್ಪಿನ ಸಂಗತಿ ಹೇಳಿದಳು, ನಾಲ್ಕೇ ಮಾತು. ತಾಯಿ ಕುಂದಾ ಡಬ್ಬಿಯನ್ನು ಮೆಲ್ಲಗೆ ನಮ್ಮ ಕಡೆಗೆ ಸರಿಸಿದರು.

ಕಾರಿನಲ್ಲಿ ನಾದಿನಿ, "ಇಲ್ಲ ಅನ್ನಾಕ ಏನಾಗಿತ್ತ ನಿನಗ? ಕಾನ್ವೆಂಟಿನ್ಯಾಗ ಬರೇ ಖರೇ ಹೇಳೂದ ಕಲಿಸ್ಯಾರೇನು?" ಎಂದರು.

ಅವರ ಮೇಲೆ ಹೇಸಿಗೆ ಪಡುವುದು ಸುಲಭವಿತ್ತು. ಕಪ್ಪು ಬೇರೆ ಇಡು ಎಂದವರು ಅವರು. ದಿನಾ ಬೇರೆ ನಾರಿನಿಂದ ತಿಕ್ಕಿ, ಎರಡೇ ಬೆರಳಲ್ಲಿ ಹಿಡಿದು, ಆ ಕಿಟಕಿಯಲ್ಲಿಡುತ್ತಿದ್ದವಳು ನಾನು.