ಬೆರಳಿಗೆ ಸಿಕ್ಕ ಬಿರುಕು

ಇದ್ವಲ್ ಪ್ರಾಸರ್ ಇಪ್ಪತ್ತೊಂಬತ್ತು ವರ್ಷ ನಮ್ಮ ಕಣಿವೆಯ ರಸ್ತೆಗಳಲ್ಲಿ ಹಿಮ ಗೋರುವ ಲಾರಿ ಓಡಿಸಿದವನು. ವೇಲ್ಸ್‌ನ ಈ ಗುಡ್ಡಗಳಲ್ಲಿ ಚಳಿಗಾಲದ ಬೆಳಿಗ್ಗೆ ಹಾಲಿನ ಗಾಡಿ ಹತ್ತಿ ಬಂತೆಂದರೆ ಅದಕ್ಕೂ ಮೊದಲೇ ಇದ್ವಲ್ ಹೋಗಿದ್ದಾನೆಂದು ಅರ್ಥ. ಅರವತ್ತೊಂದನೆಯ ವಯಸ್ಸಿನಲ್ಲಿ ಅವನ ಕಣ್ಣು ಮಸುಕಾಗತೊಡಗಿತು. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು, ನೇರ ನೋಡಿದ್ದೆಲ್ಲ ಬೂದಿ ಮುದ್ದೆ. ವಾಸಿಯಾಗುವಂಥದ್ದಲ್ಲ ಎಂದರು ಡಾಕ್ಟರು. ಯಾರೂ ಕೇಳುವ ಮೊದಲೇ ಅವನು ಲೈಸೆನ್ಸನ್ನು ಲಕೋಟೆಗೆ ಹಾಕಿ ವಾಪಸು ಕಳಿಸಿದ.

ಅದಾದ ಮೂರನೆಯ ವಾರ ಒಂದು ಹಳೇ ಲ್ಯಾಂಡ್ ರೋವರ್ ಕೊಂಡ.

ನಾನು ಎದುರುಮನೆಯವನು. ಟ್ರ್ಯಾಕ್ಟರು ಅದನ್ನು ಎಳೆದು ತಂದಾಗ ಗೇಟು ತೆರೆದವನು ನಾನೇ. ಅರವತ್ತೆಂಟನೇ ಇಸವಿಯ ಗಾಡಿ, ಇಪ್ಪತ್ತು ವರ್ಷ ತುರಿಕೆ ಗಿಡಗಳ ನಡುವೆ ನಿಂತಿತ್ತಂತೆ. ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ಅಲ್ಯೂಮಿನಿಯಂ ಮೈ ನೆಗ್ಗಿದ್ದರೂ ಉಳಿದಿತ್ತು. ಗಾಡಿಯನ್ನೆಲ್ಲ ಹೊರುವ ಕೆಳಗಿನ ಉಕ್ಕಿನ ಚೌಕಟ್ಟು, ಚಾಸಿ, ಮಾತ್ರ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಕೈಗೆ ಬರುತ್ತಿತ್ತು.

ಟ್ರ್ಯಾಕ್ಟರು ತಂದವನು ಹೆವಿನ್, ನಮ್ಮೂರ ಕಮ್ಮಾರ. ಅವನ ಬಾಯಿಗೆ ಬೀಗವಿಲ್ಲ.

“ಅಲ್ಲ ಮಾರಾಯ, ಓಡ್ಸಕ್ಕಾಗ್ದೋನಿಗೆ ಗಾಡಿ ಯಾಕೋ?”

“ಓಡ್ಸಕ್ಕೆ ನೆಸ್ತಾ ಇದಾಳಲ್ಲ.”

ಬಾಗಿಲಲ್ಲಿ ನಿಂತಿದ್ದ ಇದ್ವಲ್‌ನ ಹೆಂಡತಿ ನೆಸ್ತಾ, “ನಾನು ಆ ಕೋಳಿಗೂಡು ಹತ್ತಿದ ದಿನ ಕೇಳು! ನನ್ನ ಪುಟ್ಟ ಕಾರು ನಂಗೆ ಸಾಕಪ್ಪ,” ಎಂದು ಒಳಗೆ ಹೋದಳು.

ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಬಿಚ್ಚಿದ ಪ್ರತಿಯೊಂದು ಬೋಲ್ಟೂ ಜಾಮಿನ ಸೀಸೆ ಸೇರಿತು. ಸೀಸೆಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತವು, ಯಾವುದರಲ್ಲಿ ಏನಿದೆಯೆಂಬುದು ಅವನ ತಲೆಯಲ್ಲಿತ್ತು. ಒಮ್ಮೆ ನಾನು ಚಹಾ ಲೋಟ ಇಡಲೆಂದು ಎರಡು ಸೀಸೆ ಸರಿಸಿ ಒಂದು ವಾರ ಬೈಸಿಕೊಂಡೆ. ಎಂಜಿನ್ನಿನ ವಾಲ್ವುಗಳು ಸಂದಿಲ್ಲದೆ ಕೂರುವಂತೆ ಅರೆಯುವಾಗ ಕಣ್ಣು ಮುಚ್ಚಿ ಕೂರುತ್ತಿದ್ದ. ಗರಗರ ಸದ್ದು ಸಣ್ಣಗಾಗಿ ನುಣುಪಾದ ಮೇಲೆ ಬೆರಳಾಡಿಸಿ, “ಇದಾಯ್ತು” ಎನ್ನುತ್ತಿದ್ದ. ಎಂಟಕ್ಕೆ ಎಂಟೂ ಸರಿಯಾಗಿ ಕೂತವು.

ಕೊಳೆತ ಚಾಸಿಯ ಬದಲಿಗೆ ಗಡಿಯಾಚೆಯ ಗುಜರಿಯವನಿಂದ ಇನ್ನೊಂದು ತರಿಸಿದ. ಕಪ್ಪು ಬಣ್ಣ ಬಳಿದು ಮಿರಿಮಿರಿ ಮಿಂಚುತ್ತಿತ್ತು. ಹೆವಿನ್ ಸುತ್ತು ಹಾಕಿ ನೋಡಿ, “ಮದುವಣಗಿತ್ತಿ ಥರ ಇದೆ,” ಎಂದ. ಇದ್ವಲ್ ಮಂಡಿಯೂರಿ ಈ ತುದಿಯಿಂದ ಆ ತುದಿಗೆ ಉಗುರು ಎಳೆಯುತ್ತ ಹೋದ. ಹಿಂದಿನ ಸ್ಪ್ರಿಂಗು ಕೂರುವ ಜಾಗದಲ್ಲಿ ಬೆರಳು ನಿಂತಿತು.

“ಇಲ್ಲಿ ಬಿರುಕಿದೆ.”

“ಎಲ್ಲಿ? ನಂಗೇ ಕಾಣ್ತಿಲ್ಲ, ನಿಂಗೆ ಕಾಣ್ತಾ?”

“ಕಾಣ್ಲಿಲ್ಲ ಕಣೋ, ಉಗುರಿಗೆ ಸಿಕ್ತು. ಬಣ್ಣ ಕೆರೀ, ಸೀಮೆಎಣ್ಣೆ ಹಚ್ಚು.”

ಹೆವಿನ್ ಗೊಣಗುತ್ತಲೇ ಬಣ್ಣ ಕೆರೆದ. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದ. ನಾವು ಕಾದೆವು. ಬಿಳಿ ಪುಡಿಯ ನಡುವೆ ಎಣ್ಣೆ ನಿಧಾನವಾಗಿ ಜಿನುಗಿ, ಕೂದಲಿನಷ್ಟು ತೆಳ್ಳನೆಯ ಕಪ್ಪು ಗೆರೆ ಬೆರಳುದ್ದಕ್ಕೆ ಮೂಡಿತು. ಗುಡ್ಡದ ಇಳಿಜಾರಿನಲ್ಲಿ ಅದು ಬಾಯಿಬಿಟ್ಟಿದ್ದರೆ ಹಿಂಚಕ್ರವೇ ಕಿತ್ತುಕೊಂಡು ಹೋಗುತ್ತಿತ್ತು. ಹೆವಿನ್ ಬೆಸುಗೆಯ ಸಾಮಾನು ತಂದ. ಬಿರುಕನ್ನು ಉಜ್ಜಿ ಬೆಸೆದು, ಮೇಲೊಂದು ತಗಡು ಕೂರಿಸಿ ಹೋದ. ಮಾರನೆಯ ವಾರ ತಾನು ಬೆಸೆದ ಟ್ರೇಲರಿನ ಕೊಂಡಿಯೊಂದನ್ನು ಹೊತ್ತು ತಂದು, “ಸ್ವಲ್ಪ ಮುಟ್ಟಿ ನೋಡೋ,” ಎಂದ. ಅಂದಿನಿಂದ ಅದು ರೂಢಿಯಾಯಿತು.

ಇದ್ವಲ್ ಸೋತದ್ದು ವೈರುಗಳ ಮುಂದೆ. ಬಣ್ಣ ಬೆರಳಿಗೆ ಸಿಗುವುದಿಲ್ಲವಲ್ಲ.

“ನೆಸ್ತಾ! ಇದು ಯಾವ ಬಣ್ಣ?”

“ಹಸಿರು.”

“ಬರೀ ಹಸಿರಾ? ಗೆರೆ ಇದ್ಯಾ?”

“ಬಿಳೀ ಗೆರೆ. ಎಷ್ಟು ಸಲ ಕರೀತೀಯೋ, ಒಲೆ ಮೇಲೆ ಸೂಪಿದೆ!”

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ನೆಸ್ತಾ ತನ್ನ ಹೆಣಿಗೆಯ ಬುಟ್ಟಿ ತಂದು ಶೆಡ್ಡಿನಲ್ಲಿ ಕೂತಳು. ಪ್ರತಿ ವೈರಿನ ಎರಡೂ ತುದಿಗೆ ಉಣ್ಣೆಯ ದಾರ ಕಟ್ಟಿದಳು. ಹಸಿರಿಗೆ ಒಂದು ಗಂಟು, ಬಿಳಿ ಗೆರೆಯ ಹಸಿರಿಗೆ ಎರಡು, ಕೆಂಪು ಗೆರೆಯ ಹಸಿರಿಗೆ ಮೂರು, ನೀಲಿಗೆ ದಪ್ಪ ದಾರ. ಯಾರೂ ಹೇಳಿಕೊಟ್ಟದ್ದಲ್ಲ, ಅವಳಿಗೇ ಹೊಳೆದದ್ದು. ಇದ್ವಲ್ ಗಂಟುಗಳನ್ನು ತಡವುತ್ತ ಒಂದೊಂದೇ ಜೋಡಿಸಿದ. ಮೊದಲ ಸಲ ಬಲಗಡೆಯ ಸಿಗ್ನಲ್ ಹಾಕಿದರೆ ಎಡಗಡೆಯದು ಮಿನುಗಿತು.

“ಗಂಟು ಸರಿಯಾಗೇ ಹಾಕಿದೀನಿ. ಎಣಿಸಕ್ಕೆ ಬರ್ದಿದ್ರೆ ನಾನೇನ್ ಮಾಡ್ಲಿ?” ಎಂದಳು ನೆಸ್ತಾ.

ಒಟ್ಟು ನಾಲ್ಕು ವರ್ಷ ಹಿಡಿಯಿತು. ಮೇ ತಿಂಗಳ ಒಂದು ಬೆಳಿಗ್ಗೆ ಎಂಜಿನ್ ಕೆಮ್ಮಿ, ನೀಲಿ ಹೊಗೆ ಕಾರಿ, ಆಮೇಲೆ ಹದಕ್ಕೆ ಬಂತು. ನೆಸ್ತಾ ಏಪ್ರನ್ ಬಿಚ್ಚಿಟ್ಟು ಡ್ರೈವರ್ ಸೀಟು ಹತ್ತಿದಳು. ಇದ್ವಲ್ ಪಕ್ಕದಲ್ಲಿ, ನಾನು ಹಿಂದೆ. ಕುರಿಗಳ ಹಾದಿಯಲ್ಲಿ ಗುಡ್ಡ ಏರುವಾಗ ಗೇರ್ ಬಾಕ್ಸು ಕಿರಿಚಾಡಿತು.

“ಕ್ಲಚ್ ಒತ್ತು, ನ್ಯೂಟ್ರಲ್. ಬಿಡು. ಸ್ವಲ್ಪ ರೇಸ್ ಮಾಡು. ಮತ್ತೆ ಒತ್ತು, ಈಗ ಎರಡಕ್ಕೆ ಹಾಕು!”

“ಇರೋದು ಎರಡು ಕಾಲು ಕಣೋ! ಐದು ಕೆಲಸ ಹೇಳ್ತೀಯಲ್ಲ!”

ಆದರೆ ಮೂರನೆಯ ತಿರುವಿಗೆ ಗೇರು ಸದ್ದಿಲ್ಲದೆ ಬಿತ್ತು. ನೆಸ್ತಾ ಹುಡುಗಿಯಂತೆ ಕೂಗಿಕೊಂಡಳು. ನೆತ್ತಿ ತಲುಪಿದಾಗ ಅವಳು ಕೆರೆ, ಕುರಿಮರಿಗಳು, ದೂರದ ಚರ್ಚು ಎಂದು ಒಂದೊಂದನ್ನೂ ಅವನಿಗೆ ಹೇಳುತ್ತ ಹೋಗಿ, ಎಂಜಿನ್ ನಿಲ್ಲಿಸಲು ಕೈ ಹಾಕಿದಳು.

“ಆಫ್ ಮಾಡ್ಬೇಡ. ಕೇಳ್ತಾ ಇದೀನಿ,” ಎಂದ ಇದ್ವಲ್.

ಕಾಲು ಗಂಟೆ ಹಾಗೆಯೇ ಕೂತೆವು.

ಈಗ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮೂರು ಕಣಿವೆಗಳ ಜನ ತಮ್ಮ ಗಾಡಿಗಳ ಸದ್ದನ್ನು ಅವನಿಗೆ ಕೇಳಿಸಲು ಅಂಗಳಕ್ಕೆ ಬರುತ್ತಾರೆ. ಅವನು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಇಂಥಲ್ಲಿ ಕೆಟ್ಟಿದೆ ಎಂದು ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ. ಕಳೆದ ತಿಂಗಳು ಹೆವಿನ್ ಇನ್ನೊಂದು ಮುರುಕು ಲ್ಯಾಂಡ್ ರೋವರ್ ಎಳೆದು ತಂದ. “ನಾನ್ ಹೇಳಿಲ್ವಲ್ಲ!” ಎಂದು ಇದ್ವಲ್ ಗಾಬರಿಯಾದ.

“ನಾನು ತರಿಸಿದ್ದು. ಇದರ ಎಂಜಿನ್ ನಾನೇ ಬಿಚ್ತೀನಿ, ನೀನು ಕೂತು ಹೇಳು,” ಎಂದಳು ನೆಸ್ತಾ.

ಇದ್ವಲ್ ತಕರಾರು ಮಾಡಲಿಲ್ಲ. ಅವಳ ಕೈಗಾಗುವ ಪಾನಾ ಹುಡುಕಲು ಶೆಡ್ಡಿನೊಳಗೆ ಹೋದ.